ಭುಜ ಎಲ್ಲಿಗೆ ಹೊರಟಿದೆ?

ಓಣಂಗೆ ಹೊಲಿಯಲು ಕೊಟ್ಟ ಚೂಡಿದಾರ್ ಬಂತು. ಎದೆಗೆ ಸರಿ, ಭುಜ ಮಾತ್ರ ಮೊಣಕೈ ಕಡೆಗೆ ಹೊರಟಿದೆ. ಮೈ ದಪ್ಪಗಾದರೆ ಭುಜದ ಎಲುಬೂ ಉದ್ದವಾಗ್ತದೆ ಅಂತ ಈ ಟೈಲರುಗಳಿಗೆ ಯಾರು ಹೇಳಿಕೊಟ್ಟದ್ದು ಮಾರಾಯ್ರೆ? ಎದೆಗೆ ನಾಲ್ಕಿಂಚು ಹೆಚ್ಚು ಬೇಕೆಂದರೆ ಕತ್ತು, ಭುಜ, ಕಂಕುಳು ಎಲ್ಲಕ್ಕೂ ದೇವಸ್ಥಾನದ ಪ್ರಸಾದದ ಹಾಗೆ ಹಂಚುವುದು! ಭುಜದ ಅಳತೆ ಹಿಡಿದು ಪ್ಯಾಟರ್ನ್ ಹಾಕಿ, ಎದೆಯ ಜಾಗವನ್ನಷ್ಟೇ ಅಗಲ ಮಾಡಿ, ಹೆಚ್ಚಾದ ಬಟ್ಟೆಯನ್ನು ಎದೆಯತ್ತ ಚೂಪಾಗುವ ಹೊಲಿಗೆ-ಮಡಿಕೆಗೆ, ಅಂದರೆ ಡಾರ್ಟ್‌ಗೆ ಮಡಚುವ ಕ್ರಮ ಒಂದು ಉಂಟಲ್ಲ? ಕೇಳಿದರೆ, "ಸಾರಮಿಲ್ಲ ಚೇಚೀ (ಪರವಾಗಿಲ್ಲ ಅಕ್ಕಾ), ಸೈಡಲ್ಲಿ ಹಿಡಿದು ಕೊಡುವ."

ಡಾರ್ಟಿನ ತುದಿಯೋ, ಕಂಕುಳಿನ ಕಡೆ ಮುಖ ಮಾಡಿ ನಿಂತಿದೆ. ಮುಂದಿನ ಅಂಚು ಹೊಟ್ಟೆಯ ಮೇಲೆ ಎದ್ದು, ಹಿಂದಿನದು ಜೋತಿದೆ. ಲೈನಿಂಗ್ ನೀರಿಗೆ ಹಾಕದೆ ಹೊಲಿದದ್ದು, ಮೊದಲ ಒಗೆತಕ್ಕೇ ಕುಗ್ಗಿತು. ಬಿಚ್ಚಿ ಸಡಿಲ ಮಾಡುವಾ ಅಂದರೆ ಒಳಗೆ ಬಟ್ಟೆಯೇ ಬಿಟ್ಟಿಲ್ಲ. (ಬಟ್ಟೆ ತರಿಸುವಾಗ ಮಾತ್ರ ಅರ್ಧ ಮೀಟರ್ ಜಾಸ್ತಿ. ಕೂಲಿಯೂ ಜಾಸ್ತಿ.)

ನಮ್ಮ ಕಾಸರಗೋಡು ಕಡೆಯ ಕುಂಬಳೆಯಲ್ಲೂ ಇದೇ, ಬದಿಯಡ್ಕದಲ್ಲೂ ಇದೇ, ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋದರೂ ಇದೇ. ಮೇಲಿಂದ ಬಿಟ್ಟಿ ಉಪದೇಶ: "ಕಪ್ಪು ಹಾಕಿ, ಉದ್ದ ಗೆರೆ ಹಾಕಿ, ಸ್ವಲ್ಪ ಡಯಟ್ ಮಾಡ್ಲಿಕ್ಕಾಗುದಿಲ್ವಾ?"

ಡಯಟ್ ಮಾಡಿದರೆ ಇವರ ಕತ್ತರಿ ನೆಟ್ಟಗಾಗ್ತದಾ?