ಮೊದಲು ಮುಚ್ಚಳ ತೆಗೆದು ನೋಡಿ

ಇವತ್ತು ಸಂಜೆ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ಗಂಟೆ ನಿಂತಿದ್ದೆ. ನಾನು ಪ್ರೊಸೆಸರ್ (ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್) ಬದಲಿಸಿಕೊಟ್ಟಿದ್ದ, 2012ರಲ್ಲಿ ಕೊಂಡ ಕಂಪ್ಯೂಟರೊಂದು ಪಹಣಿ, ಆದಾಯ ಪ್ರಮಾಣಪತ್ರದ ಅರ್ಜಿ, ಸ್ಕ್ಯಾನ್, ಪ್ರಿಂಟ್ ಎಲ್ಲವನ್ನೂ ತಡವರಿಸದೆ ಒಟ್ಟಿಗೆ ನಿಭಾಯಿಸುತ್ತಿತ್ತು. ನೋಡಿ ಸಂತೋಷವಾಯಿತು, ಆದರೆ ಮನೆ ಸೇರುವಷ್ಟರಲ್ಲಿ ಆ ಸಂತೋಷ ಸಿಟ್ಟಾಗಿ ತಿರುಗಿತ್ತು. ಎರಡು ವಾರದ ಹಿಂದೆ ಇದೇ ಯಂತ್ರವನ್ನು ಗುಜರಿಗೆ ಹಾಕಿ ಎಂದು ಒಬ್ಬ ಮಾರಾಟಗಾರರು ತೀರ್ಪು ಕೊಟ್ಟಿದ್ದರು, ಅದೂ ಮುಚ್ಚಳವನ್ನೂ ತೆಗೆಯದೆ.

ಆ ದಿನ ನಾನು ಆ ಮಾರಾಟಗಾರರ ಅಂಗಡಿಯಲ್ಲೇ ಇದ್ದೆ. ಜೆರಾಕ್ಸ್ ಅಂಗಡಿಯ ಅಕ್ಕ ಸಿಪಿಯು ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಸ್ಕೂಟಿಯಲ್ಲಿಟ್ಟುಕೊಂಡು ತಂದಿದ್ದರು. "ಮೇಡಂ, ಇದು ತುಂಬಾ ಹಳೇ ಮಾಡೆಲ್, ಇದಕ್ಕೆ ದುಡ್ಡು ಹಾಕಿದರೆ ವೇಸ್ಟ್" ಎಂದವರೇ ಮಾರಾಟಗಾರರು ಹೊಸದಕ್ಕೆ ಮೂವತ್ತೆರಡು ಸಾವಿರ ರೂಪಾಯಿಯ ಕೊಟೇಷನ್ ಬರೆದುಕೊಟ್ಟರು. ಯಾವ ಪ್ರೊಸೆಸರ್, ಯಾವ ಬೋರ್ಡ್, ಯಾವ ಕೆಲಸ ಮಾಡುವಾಗ ನಿಧಾನವಾಗುತ್ತದೆ ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪುಟಕ್ಕೆ ಎರಡು ರೂಪಾಯಿಯಂತೆ ದುಡಿಯುವ ಹೆಂಗಸಿಗೆ ಮೂವತ್ತೆರಡು ಸಾವಿರವೆಂದರೆ ಎಷ್ಟು ಪುಟ ಎಂದು ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಹದಿನಾರು ಸಾವಿರ ಪುಟ, ಅದೂ ಕಾಗದ, ಶಾಯಿ, ಕರೆಂಟಿನ ಖರ್ಚು ಬಿಟ್ಟು.

ಯಂತ್ರವನ್ನು ನಮ್ಮ ಮನೆಗೆ ತಂದು ಮೊದಲು, ಯಾವ ಭಾಗಕ್ಕೆ ಎಷ್ಟು ಹೊರೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಹಿಂದಿನ ವರ್ಷವೇ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿದ್ದರಿಂದ ಡಿಸ್ಕಿನ ಮೇಲೆ ಒತ್ತಡವಿರಲಿಲ್ಲ, 8 ಜಿಬಿ ರ್‍ಯಾಮ್‌ನಲ್ಲಿ ಜಾಗವಿತ್ತು. ಬ್ರೌಸರ್ ತೆರೆದು ಒಂದು ಸ್ಕ್ಯಾನ್ ಶುರು ಮಾಡಿದ ಕೂಡಲೇ ಪ್ರೊಸೆಸರ್ ಮಾತ್ರ ನೂರಕ್ಕೆ ಏರಿ ಅಲ್ಲೇ ನಿಂತಿತು. ಒಳಗಿದ್ದದ್ದು 2011ರ ಪೆಂಟಿಯಂ ಜಿ620, ಎರಡೇ ಕೋರ್ (ಚಿಪ್ಪಿನೊಳಗೆ ಕೆಲಸ ಮಾಡುವ ಘಟಕ), 2.6 ಗಿಗಾಹರ್ಟ್ಸ್. ಅದು ಕೂತಿದ್ದದ್ದು ಎಚ್61 ಬಗೆಯ ಮದರ್‌ಬೋರ್ಡಿನಲ್ಲಿ ಚಿಪ್ ಕೂರಿಸುವ 1155 ಸಾಕೆಟ್‌ನಲ್ಲಿ. ಅಂದರೆ ಇಡೀ ಯಂತ್ರ ಮುದಿಯಾಗಿರಲಿಲ್ಲ, ಬೆರಳೆಣಿಕೆಯ ಭಾಗಗಳಲ್ಲಿ ಒಂದು ಸೋತಿತ್ತು, ಆ ಒಂದನ್ನು ಬದಲಿಸುವುದಕ್ಕೆಂದೇ ಸಾಕೆಟ್ ಎಂಬುದನ್ನು ಇಟ್ಟಿರುತ್ತಾರೆ.

ಪೆಂಟಿಯಂನದೇ ತಲೆಮಾರಿನ, ನಾಲ್ಕು ಕೋರಿನ ಐ5-2400 ಹಾಕಿದ್ದರೆ ಬಯಾಸ್ (ಯಂತ್ರವನ್ನು ಚಾಲೂ ಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಮುಟ್ಟುವ ಅಗತ್ಯವೇ ಬರುತ್ತಿರಲಿಲ್ಲ, ಆದರೆ ಅದು 95 ವ್ಯಾಟ್‌ನದು. ಮುಂದಿನ ವರ್ಷದ ಐ5-3470 ಅದಕ್ಕಿಂತ ತುಸು ಚುರುಕು, 77 ವ್ಯಾಟ್ ಸಾಕು. ಹಳೆಯ ಪೆಂಟಿಯಂ 65 ವ್ಯಾಟ್‌ನದಾದ್ದರಿಂದ ಪವರ್ ಸಪ್ಲೈ ಬದಲಿಸುವ ಪ್ರಶ್ನೆ ಏಳಲಿಲ್ಲ. ನನ್ನ ತಮ್ಮ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಐ5-3470 ಒಂದನ್ನು ಸಾವಿರದ ಆರುನೂರಕ್ಕೆ ತಂದುಕೊಟ್ಟ. ಬೋರ್ಡ್ ತಯಾರಕರ ಪಟ್ಟಿಯಲ್ಲಿ ಈ ಚಿಪ್‌ಗೆ ಹೊಸ ಬಯಾಸ್ ಬೇಕೆಂದಿತ್ತು, ಅದನ್ನು ಹಳೆಯ ಪ್ರೊಸೆಸರ್ ಒಳಗಿರುವಾಗಲೇ ಹಾಕಿಕೊಳ್ಳಬೇಕು. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಯಿತು, ಹಾಗಾಗಿ ಯುಪಿಎಸ್‌ಗೆ ಜೋಡಿಸಿ ಉಸಿರು ಬಿಗಿಹಿಡಿದು ಕೂತಿದ್ದೆ.

ಫ್ಯಾನ್ ಬಿಚ್ಚಿದಾಗ ಚಿಪ್ಪಿನ ಬಿಸಿ ಹೀರುವ ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು, ಅದಕ್ಕೂ ಚಿಪ್ಪಿಗೂ ನಡುವೆ ಬಿಸಿ ದಾಟಿಸುವ ಹಳೆಯ ಪೇಸ್ಟ್ ಒಣಗಿ ಸುಣ್ಣದಂತೆ ಉದುರಿತು. ಈ ಸಾಕೆಟ್‌ನಲ್ಲಿ ಪಿನ್ನುಗಳಿರುವುದು ಚಿಪ್ಪಿನಲ್ಲಲ್ಲ, ಬೋರ್ಡಿನಲ್ಲಿ; ಕೂದಲೆಳೆಯಂಥ 1155 ಪಿನ್ನುಗಳಲ್ಲಿ ಒಂದು ಬಾಗಿದರೂ ಬೋರ್ಡ್ ಕೈಕೊಡಬಹುದು. ಚಿಪ್ಪಿನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನೂ ಅಂಚಿನ ಎರಡು ಕಚ್ಚುಗಳನ್ನೂ ಸರಿಹೊಂದಿಸಿ ಮೆಲ್ಲಗೆ ಇಳಿಸಿದೆ, ಒತ್ತಲಿಲ್ಲ. ಕಡಲೆಕಾಳಿಗಿಂತ ಚಿಕ್ಕ ಹನಿ ಪೇಸ್ಟ್ ಇಟ್ಟು, ಫ್ಯಾನಿನ ನಾಲ್ಕು ಗೂಟಗಳನ್ನು ಮೂಲೆಯಿಂದ ಮೂಲೆಗೆ ಒತ್ತಿ ಕೂರಿಸಿದೆ. ಬಿಚ್ಚಿ ಒರೆಸಿ ಜೋಡಿಸುವುದಕ್ಕೆ ಹಿಡಿದದ್ದು ನಲವತ್ತು ನಿಮಿಷ. ಪೇಸ್ಟ್ ಸೇರಿ ಖರ್ಚು ಎರಡು ಸಾವಿರದ ಒಳಗೇ ಮುಗಿಯಿತು. ಈ ದಾರಿಯೂ ಇದೆ ಎಂಬ ಒಂದು ಮಾತನ್ನು ಆ ಮಾರಾಟಗಾರರು ಯಾಕೆ ಹೇಳಲಿಲ್ಲ?

ನನಗೆ ಇಷ್ಟು ನೋವಾಗುವುದಕ್ಕೆ ಬೇರೆ ಕಾರಣವೂ ಇದೆ. ಅಪ್ಪ ನಿವೃತ್ತಿಯ ದುಡ್ಡಿನಲ್ಲಿ 2008ರಲ್ಲಿ ನನಗೊಂದು ಕೋರ್ 2 ಡ್ಯುಯೋ ಕಂಪ್ಯೂಟರ್ ಕೊಡಿಸಿದ್ದರು. ಅದು ನಿಧಾನವಾಯಿತೆಂದು ನಾನೂ ಯಾರದೋ ಮಾತು ಕೇಳಿ, ಮುಚ್ಚಳ ತೆಗೆಯದೆ, ಮುನ್ನೂರು ರೂಪಾಯಿಗೆ ಗುಜರಿಯವನಿಗೆ ಕೊಟ್ಟೆ. ಅದೇ 775 ಸಾಕೆಟ್‌ಗೆ ನಾಲ್ಕು ಕೋರಿನ ಕೋರ್ 2 ಕ್ವಾಡ್ ಚಿಪ್‌ಗಳೂ ಬಂದಿದ್ದವು ಎಂದು ತಿಳಿದದ್ದು ಆಮೇಲೆ. ಊರಿನಿಂದ ಬಂದ ಅಪ್ಪ ಖಾಲಿ ಮೇಜು ನೋಡಿ "ಅದೆಲ್ಲಿ ಹೋಯ್ತೋ?" ಎಂದು ಕೇಳಿದ್ದು ಈಗಲೂ ಕಿವಿಯಲ್ಲಿದೆ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್ ಎಂದೂ ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದು ಕಾಲು ಭಾಗಕ್ಕಿಂತ ಕಡಿಮೆ ಎಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಖಾಲಿ ಮೇಜು.

ಇಂಥ ಹಳೆಯ ಯಂತ್ರಗಳಲ್ಲಿ ಓಡುವ ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ ಎಂದು ಕೆಲವರು ಕೇಳಬಹುದು. ನಿಜ, ವಿಂಡೋಸ್ 11 ಅಧಿಕೃತವಾಗಿ ಟಿಪಿಎಂ 2.0 ಎಂಬ ಭದ್ರತಾ ಘಟಕ ಕೇಳುತ್ತದೆ, ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳೆಯದನ್ನು ಬಹುತೇಕ ಒಪ್ಪುವುದಿಲ್ಲ. ಆದರೆ ಇದು ಕಾಗದದ ಮೇಲಿನ ಗೆರೆಯೇ ಹೊರತು ಚಿಪ್ಪಿನ ಸಾವಲ್ಲ. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ 2026ರ ಅಕ್ಟೋಬರ್ 13ರವರೆಗೆ ಗಡುವು ಕೊಟ್ಟಿದ್ದಾರೆ, ಆಮೇಲೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಇದೆ, ಅದರಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿಯೇ ಮೂಡುತ್ತದೆ. ಇಂದಿನ ಹೊಸ ಐ3 ಕೂಡ ಈ ಐ5ಗಿಂತ ವೇಗ ಎಂಬುದನ್ನೂ ಒಪ್ಪುತ್ತೇನೆ. ಆದರೆ ಅಕ್ಕನ ಅಂಗಡಿಯಲ್ಲಿ ಮುದ್ರಿಸುವುದು ಪಹಣಿ, ಸಿನಿಮಾ ಸಂಕಲನವಲ್ಲ.

ತಯಾರಕರು ಮನಸ್ಸು ಮಾಡಿದರೆ ಒಂದು ಬೋರ್ಡ್ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಎಎಂ4 ಸಾಕೆಟ್ ಕಣ್ಣೆದುರಿಗಿದೆ. 2017ರಲ್ಲಿ ಅದರ ಮೊದಲ ರೈಜೆನ್ ಪ್ರೊಸೆಸರ್ ಹಾಕಿಕೊಂಡ ಎಷ್ಟೋ ಬೋರ್ಡುಗಳು ಬಯಾಸ್ ಬದಲಿಸಿದ ಮೇಲೆ ರೈಜೆನ್ 5000 ಸರಣಿಯನ್ನೂ ಒಪ್ಪಿಕೊಂಡವು. ಈಗಿನ ಲ್ಯಾಪ್‌ಟಾಪ್‌ಗಳಲ್ಲಾದರೆ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮುಚ್ಚಳ ತೆಗೆದರೂ ಬದಲಿಸಲು ಬರುವುದಿಲ್ಲ. ಬದಲಿಸಲು ಬರುವ ಡೆಸ್ಕ್‌ಟಾಪನ್ನೂ ತೆರೆಯದೆ ಎಸೆಯಿರಿ ಎನ್ನುವುದನ್ನು ನನ್ನಿಂದ ಸಹಿಸಲಾಗದು.

ನಮ್ಮ ಓಣಿಯ ಶಾಲೆಯಲ್ಲಿ ಇದೇ ಎಚ್61 ಬೋರ್ಡಿನ ಮೂರು ಯಂತ್ರಗಳು ಧೂಳು ತಿನ್ನುತ್ತಿವೆ, ಮೂರರಲ್ಲೂ ಪೆಂಟಿಯಂ. ಭಾನುವಾರ ಹೋಗಿ ಬಿಚ್ಚುವವನಿದ್ದೇನೆ. ನಿಮ್ಮಲ್ಲಿ ಯಾರ ಬಳಿಯಾದರೂ ಎರಡನೇ ಅಥವಾ ಮೂರನೇ ತಲೆಮಾರಿನ ಐ3, ಐ5 ಚಿಪ್ ಸುಮ್ಮನೆ ಬಿದ್ದಿದ್ದರೆ ದಯವಿಟ್ಟು ಇನ್‌ಬಾಕ್ಸ್‌ನಲ್ಲಿ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.