ಬೆಂಗಳೂರಿಸು: ಸಕರ್ಮಕ ಕ್ರಿಯಾಪದ

ಕೆಲವು ಊರುಗಳಿಗೆ ಯುದ್ಧದಿಂದ ಹೆಸರು ಬಂತು, ಕೆಲವಕ್ಕೆ ಒಪ್ಪಂದದಿಂದ. ಬೆಂಗಳೂರಿಗೆ ಬಂದದ್ದು ವ್ಯಾಕರಣದಿಂದ. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕನ್ನರು ಆ ಹೆಸರಿನ ಬಾಲಕ್ಕೊಂದು ‘ಡ್’ ಹಚ್ಚಿ ‘ಬ್ಯಾಂಗಲೋರ್ಡ್’ ಎಂಬ ಪದ ಹೊಸೆದರು. ಕೆಲಸ ಸಮುದ್ರ ದಾಟಿ ಭಾರತದಂಥ ಕಡೆಗೆ ಹೋಯಿತು, ಕೆಲಸ ಕಳೆದುಕೊಂಡ ಕೆಲಸಗಾರ ದಡದಲ್ಲೇ ಉಳಿದ ಎಂದು ಅದರ ಅರ್ಥ. ಆ ಪದ ಅಚ್ಚು ಹಾಕಿದ ಟೀ ಶರ್ಟುಗಳೂ ಮಾರಾಟಕ್ಕಿದ್ದವು. ಕನ್ನಡಕ್ಕಂತೂ ಇದು ಎಡಗೈ ಕೆಲಸ. ನಾಮಪದಕ್ಕೆ ‘ಇಸು’ ಕಟ್ಟಿದರೆ ಸಾಕು, ಎದ್ದು ಓಡುತ್ತದೆ. ಬೆಂಗಳೂರಿಸು, ಬೆಂಗಳೂರಿಸಿದರು, ಬೆಂಗಳೂರಿಸಲ್ಪಟ್ಟನು. ನಿಘಂಟಿನವರು ಇದನ್ನು ಸೇರಿಸಿಕೊಳ್ಳುವವರೆಗೆ ನಮೂದು ಬರೆಯುವ ಹೊಣೆ ನಾನು ಹೊತ್ತಿದ್ದೇನೆ, ಟೆಂಡರ್ ಕರೆಯದೆ.

ಇದು ಸಕರ್ಮಕ. ಅಂದರೆ ಕರ್ಮಪದ ಬೇಕೇ ಬೇಕು. ಕರ್ತೃಪದದ ಪತ್ತೆ ಮಾತ್ರ ಎಲ್ಲೂ ಇಲ್ಲ. ಕೆಲಸದಿಂದ ಬಿಡಿಸುವ ಪತ್ರ ಯಾವ ದೇಶದ್ದೇ ಆಗಿರಲಿ, ಓದಿ ನೋಡಿ: ‘ಪುನಾರಚನೆ ಮಾಡಲಾಗಿದೆ’, ‘ಹುದ್ದೆಯನ್ನು ಕೈಬಿಡಲಾಗಿದೆ’, ‘ಸಂಪನ್ಮೂಲಗಳನ್ನು ಮರುಹೊಂದಿಸಲಾಗಿದೆ’. ಯಾರಪ್ಪಾ ಮಾಡಿದ್ದು ಎಂದರೆ ವಾಕ್ಯ ಬಾಯಿ ಬಿಡುವುದಿಲ್ಲ. ಕರ್ಮ ಮಾತ್ರ ನಿಮ್ಮದು. ವಾಕ್ಯದಲ್ಲಿ ಪೆಟ್ಟು ತಿನ್ನುವ ಪದಕ್ಕೂ ಹಣೆಬರಹಕ್ಕೂ ನಮ್ಮ ವ್ಯಾಕರಣದ ಮೇಷ್ಟರು ಒಂದೇ ಹೆಸರು ಹೇಳಿಕೊಟ್ಟದ್ದು ಏಕೆಂದು ನನಗೆ ಇಷ್ಟು ವರ್ಷಕ್ಕೆ ಅರ್ಥವಾಯಿತು.

ಈ ಕ್ರಿಯಾಪದ ಒಂಟಿಯಾಗಿ ಬರುವುದಿಲ್ಲ. ಅದರ ಮುಂದೆ ಇನ್ನೊಂದು ಬರುತ್ತದೆ: ‘ಕೆಟಿ ಕೊಡು’. ಕೆಟಿ ಎಂದರೆ ನಾಲೆಜ್ ಟ್ರಾನ್ಸ್‌ಫರ್. ಹದಿನೈದು ವರ್ಷ ಒಂದು ಸಿಸ್ಟಮ್ಮನ್ನು ಸಾಕಿದವನನ್ನು ಕೂರಿಸಿ, ಅವನ ಕುರ್ಚಿಗೆ ಬರುವವನಿಗೆ ಒಳಗುಟ್ಟೆಲ್ಲ ಹೇಳಿಕೊಡಿಸುವ ಏರ್ಪಾಡು. ಹೆಬ್ಬೆರಳು ಕಳೆದುಕೊಂಡ ಶಿಷ್ಯನ ಕಥೆ ನಮಗೆ ಗೊತ್ತು. ಇಲ್ಲಿ ಪಾಠ ಹೇಳಿದ ಗುರುವೇ ಹೆಬ್ಬೆರಳು ಕೊಟ್ಟು, ಐಡಿ ಕಾರ್ಡನ್ನೂ ಕೊಟ್ಟು, ಲಿಫ್ಟ್ ಇಳಿಯುತ್ತಾನೆ.

2014ರ ಕೊನೆಯಲ್ಲಿ ಒರ್ಲ್ಯಾಂಡೊದ ಡಿಸ್ನಿಯಲ್ಲಿ ಸುಮಾರು 250 ಐಟಿ ನೌಕರರಿಗೆ ಕೆಲಸ ಹೋಗುವ ಸುದ್ದಿ ತಿಳಿಸಿದರು. ಹೊರಡುವ ಮುನ್ನ ಅವರಲ್ಲಿ ಹಲವರು ತಮ್ಮ ಜಾಗಕ್ಕೆ ವೀಸಾದ ಮೇಲೆ ಬಂದವರಿಗೆ ಪಾಠ ಹೇಳಿದರು. ಇದು ಪುನಾರಚನೆ, ಹೊಸ ಐಟಿ ಹುದ್ದೆಗಳನ್ನೂ ಸೃಷ್ಟಿಸಿದ್ದೇವೆ ಎಂದಿತು ಕಂಪನಿ. ಕನಸು ನನಸಾಗಿಸುವ ಕಂಪನಿಯೆಂದು ಅದಕ್ಕೆ ಹೆಸರು. ಯಾರ ಕನಸು ಎಂದು ಟಿಕೆಟ್ ಕೊಳ್ಳುವಾಗ ನಾವ್ಯಾರೂ ಕೇಳಿರಲಿಲ್ಲ.

ಇದಕ್ಕೆ ಕಾನೂನು ಇಲ್ಲವೇ? ಇದೆ. ಎಚ್-1ಬಿ ಎಂಬ ಉದ್ಯೋಗ ವೀಸಾದವರನ್ನೇ ಹೆಚ್ಚು ನೆಚ್ಚಿಕೊಂಡ ಕಂಪನಿಗಳು, ಅಮೆರಿಕದ ನೌಕರರನ್ನು ತೆಗೆದು ಆ ಜಾಗ ತುಂಬುವುದಿಲ್ಲವೆಂದು ಮಾತು ಕೊಡಬೇಕು. ಬರುವವನಿಗೆ ವರ್ಷಕ್ಕೆ 60,000 ಡಾಲರ್ ಸಂಬಳ ಕೊಟ್ಟರೆ ಆ ಮಾತಿನಿಂದ ಬಿಡುಗಡೆ. 1998ರಲ್ಲಿ ಬರೆದ ಆ ಅಂಕಿ ಎರಡು ದಶಕ ದಾಟಿದರೂ ಕದಲಲಿಲ್ಲ. ಬೆಲೆಯೇರಿಕೆ ತಟ್ಟದ ವಸ್ತುವೊಂದು ಈ ಭೂಮಿಯ ಮೇಲೆ ಇದೆಯಲ್ಲ ಎಂದು ಸಂತೋಷಪಡೋಣ.

ಆದರೆ ನನ್ನ ಮೆಚ್ಚಿನ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೊದ್ದು. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಸರ್ಕಾರಿ ವಿಶ್ವವಿದ್ಯಾಲಯ ಎಂಬುದು ನೆನಪಿರಲಿ, 2017ರ ಫೆಬ್ರವರಿಯಲ್ಲಿ 49 ಖಾಯಂ ಐಟಿ ನೌಕರರನ್ನು ಬೀಳ್ಕೊಟ್ಟು ಕೆಲಸವನ್ನು ಭಾರತದ ಕಂಪನಿಯೊಂದಕ್ಕೆ ಒಪ್ಪಿಸಿತು. ಅದೇ ವಿಶ್ವವಿದ್ಯಾಲಯದ ಬೇರೆ ಕ್ಯಾಂಪಸ್ಸುಗಳಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತಾರೆ, ಫೀಸು ತೆಗೆದುಕೊಂಡೇ. ಈ ಕ್ಯಾಂಪಸ್ಸಿನಲ್ಲಿ ವಿದ್ಯೆ ಕೊಡುವುದು, ಆ ಕ್ಯಾಂಪಸ್ಸಿನಲ್ಲಿ ಆ ವಿದ್ಯೆಗೆ ಕೆಲಸವಿಲ್ಲ ಎನ್ನುವುದು. ಪ್ರಾಯೋಗಿಕ ತರಗತಿ ಎಂದರೆ ಇದೇ ಇರಬೇಕು.

ಖಾಯಂ ನೌಕರನಿಗೆ ಕರ್ತೃವಿಲ್ಲದ ಪತ್ರವಾದರೂ ಬರುತ್ತದೆ. ಕೆಲವು ತಿಂಗಳ ಕರಾರಿನ ಮೇಲೆ ದುಡಿಯುವ ಕಾಂಟ್ರಾಕ್ಟರನಿಗೆ ಅದೂ ಇಲ್ಲ. ‘ಈ ಸಲ ರಿನ್ಯೂ ಆಗ್ತಿಲ್ಲ’ ಎಂದು ಶುಕ್ರವಾರ ಸಂಜೆ ಒಂದು ಕರೆ, ಅಷ್ಟೆ. ಬ್ರಿಟನ್ನಿನಲ್ಲಿ ಇವರಿಗೆಂದೇ 2000ನೇ ಇಸವಿಯಿಂದ ಐಆರ್35 ಎಂಬ ತೆರಿಗೆ ನಿಯಮವಿದೆ. ಸ್ವಂತ ಪುಟ್ಟ ಕಂಪನಿಯ ಹೆಸರಿನಲ್ಲಿ ದುಡಿಯುವವನು ನಿಜಕ್ಕೂ ನೌಕರನಂತೆಯೇ ಇದ್ದರೆ ನೌಕರನ ತೆರಿಗೆಯನ್ನೇ ಕಟ್ಟಬೇಕು. ಅವನು ಯಾವ ಜಾತಿಗೆ ಸೇರಿದವನು ಎಂದು ತೀರ್ಮಾನಿಸುವ ಹೊಣೆಯನ್ನು 2017ರಲ್ಲಿ ಸರ್ಕಾರಿ ಸಂಸ್ಥೆಗಳಿಗೂ 2021ರಲ್ಲಿ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಕಂಪನಿಗಳಿಗೂ ವಹಿಸಿದರು. ತೀರ್ಪು ಐಆರ್35ರ ‘ಒಳಗೆ’ ಎಂದು ಬಂದರೆ ಅವನು ತೆರಿಗೆಯ ಪುಸ್ತಕದಲ್ಲಿ ನೌಕರ, ಕ್ಲೈಂಟಿನ ಸಿಬ್ಬಂದಿ ಪಟ್ಟಿಯಲ್ಲಿ ಅಪರಿಚಿತ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಈ ತಲೆನೋವಿಗೆ ಸುಲಭದ ಔಷಧ ಬಲು ಬೇಗ ಸಿಕ್ಕಿತು. ಒಬ್ಬ ಮನುಷ್ಯನನ್ನು ತೆಗೆದುಕೊಂಡರೆ ಅವನು ನೌಕರನೋ ಅಲ್ಲವೋ ಎಂದು ಪ್ರಶ್ನಾವಳಿ ತುಂಬಬೇಕು. ಇನ್ನೂರು ಜನರ ಕೆಲಸವನ್ನು ‘ಸೇವೆ’ ಎಂದು ಹೊರಗಿನ ಕಂಪನಿಯಿಂದ ಕೊಂಡರೆ ಕ್ಲೈಂಟು ಆ ಪ್ರಶ್ನೆಗೆ ಉತ್ತರಿಸಬೇಕಿಲ್ಲ. ಬಿಡಿಯಾಗಿ ಬಂದರೆ ಮನುಷ್ಯ, ಸಗಟಾಗಿ ಬಂದರೆ ಸೊಲ್ಯೂಷನ್.

ಇನ್ನು ಭವಿಷ್ಯತ್ಕಾಲ, ಅಂದರೆ ಪದವೀಧರರು. ಹೊಸಬನೊಬ್ಬ ಈ ಕಸುಬನ್ನು ಕಲಿಯುತ್ತಿದ್ದದ್ದು ಹೇಗೆ? ಟೆಸ್ಟಿಂಗ್ ಮಾಡಿ, ರಾತ್ರಿ ಓಡುವ ಬ್ಯಾಚ್ ಜಾಬನ್ನು ಕಾದು ಕುಳಿತು, ಪಾಸ್‌ವರ್ಡ್ ಮರೆತವರ ದೂರಿನ ಟಿಕೆಟ್ಟುಗಳನ್ನು ಮುಚ್ಚಿ, ಇನ್ನೊಬ್ಬರು ಬರೆದ ಹಳೆಯ ಕೋಡಿನ ತಪ್ಪು ತಿದ್ದಿ, ಅದಕ್ಕಾಗಿ ಬೈಸಿಕೊಂಡು. ಯಾರಿಗೂ ಬೇಡವಾದ ಈ ಕೆಲಸಗಳೇ ಮೊದಲು ಸಮುದ್ರ ದಾಟಿದವು, ಏಕೆಂದರೆ ಅವು ಅಗ್ಗ. ಏಣಿಯ ಕೆಳಗಿನ ನಾಲ್ಕು ಮೆಟ್ಟಿಲು ಬಿಚ್ಚಿ ಕಳುಹಿಸಿದ ಮೇಲೆ, ಮೇಲಿನ ಮೆಟ್ಟಿಲಲ್ಲಿ ಕುಳಿತವರು ಸಮ್ಮೇಳನ ನಡೆಸಿ ಕಣ್ಣೀರು ಹಾಕುತ್ತಾರೆ: ಈ ಕಾಲದ ಹುಡುಗರಿಗೆ ಕೌಶಲವೇ ಇಲ್ಲ, ಹೊರಗಿನಿಂದ ತರಿಸದೆ ಗತಿಯಿಲ್ಲ! ಸಮ್ಮೇಳನ ಮುಗಿಸಿ ಬಂದವರು ಹಾಕುವ ಜಾಹೀರಾತು: ‘ಜೂನಿಯರ್ ಹುದ್ದೆ. ಹೊಸಬರಿಗೆ ಸ್ವಾಗತ. ಅನುಭವ ಕನಿಷ್ಠ ಮೂರು ವರ್ಷ.’

ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕು 2025ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಕಂಪ್ಯೂಟರ್ ಸೈನ್ಸ್ ಓದಿದ ಹೊಸ ಪದವೀಧರರ ನಿರುದ್ಯೋಗ ಶೇ 6.1. ಕಲಾ ಇತಿಹಾಸ ಓದಿದವರದ್ದು ಶೇ 3. ಹಳೆಯ ಚಿತ್ರಗಳನ್ನು ನೋಡುತ್ತ ಕೂತರೆ ಹೊಟ್ಟೆ ತುಂಬುತ್ತದೆಯೇ ಎಂದು ಮಕ್ಕಳನ್ನು ಗದರಿ ಕೋಡಿಂಗಿಗೆ ಸೇರಿಸಿದ ತಂದೆತಾಯಿಯರು ಈ ಕೋಷ್ಟಕವನ್ನು ಓದದಿರುವುದೇ ಒಳ್ಳೆಯದು. ಹಾಗೆಂದು ತಪ್ಪನ್ನೆಲ್ಲ ಸಮುದ್ರದಾಚೆಗೆ ಹೊರಿಸಲಾರೆ. ಮಾಂದ್ಯ, ಬಡ್ಡಿದರ, ಎಐ ಎಲ್ಲವೂ ಕೈ ಸೇರಿಸಿವೆ. ಅವೂ ಕರ್ತೃಪದವಾಗಲು ಒಪ್ಪುತ್ತಿಲ್ಲ, ಅಷ್ಟೆ.

ಅರ್ಥಶಾಸ್ತ್ರಜ್ಞರು ಸಮಾಧಾನ ಹೇಳದೆ ಇಲ್ಲ. ಅಮೆರಿಕದ ಅಧ್ಯಕ್ಷರಿಗೆ ಆರ್ಥಿಕ ಸಲಹೆಗಾರರಾಗಿದ್ದ ಗ್ರೆಗರಿ ಮ್ಯಾಂಕಿವ್ 2004ರಲ್ಲಿ ಹೊರಗುತ್ತಿಗೆಯೂ ಒಂದು ಬಗೆಯ ವಿದೇಶ ವ್ಯಾಪಾರವೇ, ದೀರ್ಘಾವಧಿಯಲ್ಲಿ ದೇಶಕ್ಕೆ ಒಳ್ಳೆಯದೇ ಎಂದಿದ್ದರು. ಪಾಠ ಸರಿಯೇ ಇರಬಹುದು. ದೀರ್ಘಾವಧಿ ಎಷ್ಟು ತಿಂಗಳಿನದು ಎಂದು ಕಾಂಟ್ರಾಕ್ಟರ್ ಕೇಳಿದ, ಏಕೆಂದರೆ ಅವನದು ಆರು ತಿಂಗಳದ್ದು. ಹೇಳಿದವರು ಮರುವರ್ಷ ಹಾರ್ವರ್ಡಿನ ತಮ್ಮ ಪ್ರಾಧ್ಯಾಪಕ ಹುದ್ದೆಗೆ ಮರಳಿದರು. ಆ ಕುರ್ಚಿಗೆ ಕೆಟಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಮೂದಿನಲ್ಲಿ ಒಂದು ರೂಪ ಬಾಕಿ ಇದೆ: ಬೆಂಗಳೂರಿಸಿಕೊಳ್ಳು. ಮಾಡಿದ್ದು ತನ್ನ ಮೇಲೆಯೇ ಬಂದು ಕೂರುವ ರೂಪ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಪ್ರಕಟಿಸಿತು. ಭವಿಷ್ಯಕ್ಕೆ ಸಜ್ಜಾಗುತ್ತಿದ್ದೇವೆ ಎಂಬುದು ಅದರ ವಿವರಣೆ. ಭವಿಷ್ಯತ್ಕಾಲಕ್ಕೆ ಸಜ್ಜಾಗಲು ಪ್ರತಿ ಸಲವೂ ಯಾರನ್ನಾದರೂ ಭೂತಕಾಲಕ್ಕೆ ಕಳಿಸಬೇಕಾಗಿ ಬರುತ್ತದೆ.

ಒಂದು ಕಾಲದಲ್ಲಿ ಸಮುದ್ರದಾಚೆಯವರಿಂದ ಕೆಟಿ ಪಡೆದಿದ್ದ ಕೈಗಳಿಂದಲೇ ಈಗ ಕೆಟಿ ಬರೆಸುತ್ತಿದ್ದಾರೆ. ಅಂಥ ಒಂದು ಮೀಟಿಂಗನ್ನು ಊಹಿಸಿಕೊಳ್ಳಿ.

‘ಎಲ್ಲಾ ಡಾಕ್ಯುಮೆಂಟ್ ಮಾಡಿ ಫೋಲ್ಡರ್‌ಗೆ ಹಾಕಿಬಿಡಿ.’

‘ಆಯ್ತು ಸರ್. ಯಾರು ಬರ್ತಾರೆ? ಅವರಿಗೆ ಒಂದ್ಸಲ ಕೂತು ಹೇಳಿದ್ರೆ ಒಳ್ಳೇದಲ್ವಾ?’

‘ಬೇಡ ಬೇಡ. ಅದೇ ಓದ್ಕೊಳ್ಳುತ್ತೆ.’