ಹೊಳೆಗೆ ಬಿಟ್ಟ ಸೀರೆ

ನಿನ್ನೆ ಚಿಕ್ಕಪ್ಪನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. ನೀರಿಗಿಳಿದ ತಕ್ಷಣ ಕಾಲಿಗೆ ಏನೋ ಸುತ್ತಿಕೊಂಡಿತು. ಎಳೆದರೆ ಸೀರೆ. ನೀಲಿ ಬಣ್ಣದ್ದು, ಅಂಚಿಗೆ ಕಲ್ಲು ಅಂಟಿಸಿದ ಸಿಂಥೆಟಿಕ್ ಸೀರೆ. ಮೈತುಂಬಾ ಪಾಚಿ. ಬೆರಳಲ್ಲಿ ಉಜ್ಜಿದರೆ ಒಳಗೆ ಬಣ್ಣ ಹಾಗೇ ಇದೆ. ಅದರ ಹಿಂದೆ ಒಂದು ಪಂಚೆ, ಪಂಚೆಗೆ ಸಿಕ್ಕಿಕೊಂಡು ಮಗುವಿನ ಫ್ರಾಕು.

ಅಲ್ಲೇ ದಡದಲ್ಲಿದ್ದ ಹುಡುಗ ಹೇಳಿದ: "ಹತ್ತಿದಾದ್ರೆ ಕೊಳ್ತೋಯ್ತದೆ. ಇವು ಹಂಗೇ ಇರ್ತವೆ ಕಣಕ್ಕ."

ನಾನು ಮಂಡ್ಯದ ಟೈಲರ್ ಮಗಳು ಅಂತ ನಿಮಗೆಲ್ಲ ಗೊತ್ತು. ನಮ್ಮ ಅಂಗಡಿಯಲ್ಲಿ ಚಿಂದಿಯನ್ನೂ ಬಿಸಾಡುತ್ತಿರಲಿಲ್ಲ. ದೊಡ್ಡ ತುಂಡು ಜೇಬಿನ ಒಳಬಟ್ಟೆಗೆ, ಚಿಕ್ಕದು ಅಜ್ಜಿಯ ಕೌದಿಗೆ, ತೀರಾ ಸಣ್ಣದು ದಿಂಬಿಗೆ. ಯಾವ ಬಟ್ಟೆ ಅಂತ ಅನುಮಾನ ಬಂದರೆ ಅಪ್ಪ ಒಂದು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿಯುತ್ತಿದ್ದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ, ತುದಿಯಲ್ಲಿ ಗಟ್ಟಿ ಕರಿಮಣಿ ನಿಲ್ಲುತ್ತಿತ್ತು. ಅದು ಪ್ಲಾಸ್ಟಿಕ್ಕೇ ಅಲ್ವಾ? ನೀರಿನ ಬಾಟಲಿ ಮಾಡುವ ಪದಾರ್ಥದಿಂದಲೇ ಪಾಲಿಯೆಸ್ಟರ್ ನೂಲೂ ಆಗುತ್ತದೆ. ಬಾಟಲಿ ಹೊಳೆಗೆ ಎಸೆದವರನ್ನು ಬೈಯುತ್ತೇವೆ. ಸೀರೆ ಬಿಟ್ಟವರಿಗೆ ಪುಣ್ಯ ಅನ್ನುತ್ತೇವೆ!

ಹಳೇ ಬಟ್ಟೆಗೆ ಬೆಲೆಯೇ ಇಲ್ಲ ಅನ್ನುವುದು ಸುಳ್ಳು. ಹಳೇ ಮೈಸೂರು ಸಿಲ್ಕ್ ಸೀರೆ ಕೊಳ್ಳುವವರು ಈಗಲೂ ಇದ್ದಾರೆ, ಜರಿಯಲ್ಲಿ ಬೆಳ್ಳಿ ಇದೆ ಅಂತ ಅವರಿಗೆ ಗೊತ್ತು. ಗಾರ್ಮೆಂಟ್ಸ್‌ನಲ್ಲಿ ಕತ್ತರಿಸಿ ಉಳಿದ ಚೂರಿಗೂ ಗಿರಾಕಿ ಇದ್ದಾರೆ, ಅದು ಯಾವ ಬಟ್ಟೆ ಅಂತ ಖಚಿತವಾಗಿ ಗೊತ್ತಿರುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ ದೇಶವಿದೇಶದ ಹಳೇ ಸ್ವೆಟರ್‌ಗಳನ್ನು ಬಣ್ಣ ನೋಡಿ ವಿಂಗಡಿಸಿ, ಗುಂಡಿ, ಜಿಪ್ ಕಿತ್ತು, ಹರಿದು ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ಹಾಗೆ ಹರಿದಾಗ ಎಳೆ ಗಿಡ್ಡವಾಗುತ್ತದೆ, ಗಟ್ಟಿಯಾಗಲು ಹೊಸ ನಾರು ಸೇರಿಸಬೇಕು. ಹತ್ತಿ, ಪಾಲಿಯೆಸ್ಟರ್ ಎರಡೂ ಬೆರೆತಿದ್ದರಂತೂ ಬಿಡಿಸುವುದು ಬಹಳ ಕಷ್ಟ. ಅಂದರೆ ಕೆಲಸವೆಲ್ಲ ವಿಂಗಡಣೆಯಲ್ಲೇ ಇದೆ. ಒದ್ದೆಯಾಗಿ ಕಸದಲ್ಲಿ ಬೆರೆತರೆ ಒಳ್ಳೇ ಹತ್ತಿ ಬಟ್ಟೆಯೂ ಕೆಟ್ಟಿತು.

ಈಗ ನಾನಿರುವ ಮೈಸೂರಿನಲ್ಲಿ, ನಮ್ಮ ಬೀದಿಗೆ ಬರುವ ಕಸದ ಗಾಡಿಯಲ್ಲಿ ಹಸಿ ಕಸಕ್ಕೆ ಜಾಗ ಇದೆ, ಒಣ ಕಸಕ್ಕೆ ಇದೆ. ಬಟ್ಟೆಗೆ ಇಲ್ಲ. 2016ರಲ್ಲಿ ದೇಶದ ಸ್ವಚ್ಛ ನಗರಗಳಲ್ಲಿ ಮೊದಲ ಸ್ಥಾನ ಪಡೆದ ಊರು ನಮ್ಮದು. ತಿಂಗಳಿಗೊಂದು ದಿನ ಬಟ್ಟೆಗೆ ಅಂತ ಗಾಡಿ ಬಂದರೆ ಆಗದ ಕೆಲಸವಾ? ಯುರೋಪ್ ಒಕ್ಕೂಟದಲ್ಲಿ 2025ರ ಜನವರಿಯಿಂದ ಬಟ್ಟೆಯನ್ನು ಬೇರೆಯಾಗಿಯೇ ಸಂಗ್ರಹಿಸಬೇಕು ಅಂತ ಕಾನೂನಿದೆ. ಫ್ರಾನ್ಸ್‌ನಲ್ಲಿ ಬಟ್ಟೆ ಮಾರುವ ಕಂಪನಿಗಳೇ ಅದರ ಖರ್ಚಿಗೆ ದುಡ್ಡು ಕಟ್ಟಬೇಕು. ಹರಿದದ್ದನ್ನು ಹೊಲಿಸಿಕೊಂಡರೆ ಬಿಲ್ಲಿನಲ್ಲಿ ಒಂದಿಷ್ಟು ಬಿಡುವ ಯೋಜನೆಯನ್ನೂ 2023ರಲ್ಲಿ ತಂದರು. ಅದನ್ನು ಓದಿದಾಗ ಅಪ್ಪನ ನೆನಪಾಯಿತು. ಮನೆ ಹತ್ತಿರ ರಫೂ ಮಾಡುವವರು, ಜಿಪ್ ಹಾಕುವವರು ಉಳಿದರೆ ಅರ್ಧ ಬಟ್ಟೆ ಕಸವೇ ಆಗುವುದಿಲ್ಲ.

"ನಾವು ಆಶ್ರಮಕ್ಕೆ ಕೊಡ್ತೀವಲ್ಲ" ಅಂತೀರಿ. ಕೊಡಿ, ಬೇಡ ಅಂದವರ್ಯಾರು? ಆದರೆ ಒಂದು ಆಶ್ರಮದ ಕೋಣೆಯಲ್ಲಿ ಕೂತು ನಾನೇ ಮೂಟೆ ಬಿಚ್ಚಿದ್ದೇನೆ. ಕಾಲರ್ ಕಿತ್ತ ಶರ್ಟು, ಲಾಡಿ ಇಲ್ಲದ ಪೆಟಿಕೋಟು, ತೊಳೆಯದ ಒಳಉಡುಪು. ಹಾಕಿಕೊಳ್ಳುವಂಥದ್ದು ಸ್ವಲ್ಪವೇ. ಉಳಿದದ್ದನ್ನು ಅವರೆಲ್ಲಿಗೆ ಕಳಿಸಬೇಕು? ನಮ್ಮ ಮನೆಯ ಕಸವನ್ನು ಅವರ ಮನೆಗೆ ಸಾಗಿಸುವುದು ದಾನ ಹೇಗಾಗುತ್ತದೆ?

ಸಂಪ್ರದಾಯ ಅನ್ನುವವರೂ ಇದ್ದೀರಿ. ಹಿಂದಿನವರು ಬಿಟ್ಟಿದ್ದು ಹತ್ತಿಯ ಪಂಚೆ, ಅದು ಕೊಳೆತು ಮಣ್ಣಾಯಿತು. ಇವತ್ತಿನ ಬಟ್ಟೆ ಆಗುವುದಿಲ್ಲ. ಅಷ್ಟೇ ವ್ಯತ್ಯಾಸ.

ಒಂದು ಮಾತು ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡಾಗ ಅವರ ತಿಳಿ ಹಸಿರು ಶರ್ಟನ್ನು ನಾನೂ ಇದೇ ಹೊಳೆಗೆ ಬಿಟ್ಟೆ. ಅವರೇ ಹೊಲಿದುಕೊಂಡಿದ್ದ ಟೆರಿಕಾಟ್ ಶರ್ಟು. ಟೆರಿಕಾಟ್ ಅಂದರೆ ಬೆರಕೆ ಬಟ್ಟೆ, ಗೊತ್ತಲ್ಲ. ನಿನ್ನೆ ಆ ಸೀರೆ ಕಾಲಿಗೆ ಸುತ್ತಿದಾಗ ಮೊದಲು ನೆನಪಾದದ್ದು ಅದೇ. ಅದೂ ಎಲ್ಲೋ ಒಂದು ಬಂಡೆಗೆ ಸಿಕ್ಕಿಕೊಂಡು ಹಾಗೇ ಇರಬಹುದು.

ಗಾಡಿ ಬೇಕು ಅಂತ ಅರ್ಜಿ ಬರೆದಿದ್ದೇನೆ, ಬಂದವರು ಸಹಿ ಹಾಕಿ. ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಜಗುಲಿಯಲ್ಲಿ ಕೂತಿರುತ್ತೇನೆ. ಹಳೇ ಬಟ್ಟೆ ಒಗೆದು, ಒಣಗಿಸಿ ತನ್ನಿ. ಬನಿಯನ್, ಟೀ ಶರ್ಟನ್ನು ಪಕ್ಕದ ಬೀದಿಯ ಗ್ಯಾರೇಜಿನವರು ಒರೆಸಲು ತಗೋತೀನಿ ಅಂದಿದ್ದಾರೆ. ಹತ್ತಿ ಸೀರೆ ಕೌದಿಗೆ. ಗುಂಡಿ ಹೋದದ್ದಕ್ಕೆ ಅಲ್ಲೇ ಗುಂಡಿ ಹಚ್ಚಿಕೊಡುತ್ತೇನೆ. ಅಪ್ಪನ ದೊಡ್ಡ ಕತ್ತರಿಗೆ ಇವತ್ತು ಸಾಣೆ ಹಿಡಿಸಿಕೊಂಡು ಬಂದೆ.